ಕೆಸರಂಚಿನ ಮೂರು ಮಸುಕು ಚಿತ್ರಗಳು



ಇವತ್ತು ನಾನು ನಿಮಗೆ ಮೂರು ಫೋಟೋ ತೋರಿಸಬೇಕು. ಬಾನುಲಿಯಲ್ಲಿ ಫೋಟೋ ತೋರಿಸುವುದು ಹೇಗೆ ಎಂದು ನೀವು ಕೇಳಬಹುದು. ಮಾತಿನಲ್ಲೇ ತೋರಿಸುತ್ತೇನೆ. ಕಣ್ಣು ಮುಚ್ಚಿ ಕೇಳಿದರೂ ನಡೆದೀತು. ಆ ಫೋಟೋಗಳು ಅಷ್ಟು ಮಸುಕಾಗಿವೆ.

ಕಳಿಸಿದವನು ನನ್ನ ಹಳೆಯ ವಿದ್ಯಾರ್ಥಿ, ಗದಗ ಜಿಲ್ಲೆಯ ಶಿರಹಟ್ಟಿ ಕಡೆಯವನು. ಪಿಯುಸಿ ಮುಗಿಸಿ ಈಗ ಅಪ್ಪನ ಜೊತೆ ಹೊಲ ನೋಡಿಕೊಂಡಿದ್ದಾನೆ. ಆ ಸೀಮೆಯ ಮಾಗಡಿ ಕೆರೆಯ ಹೆಸರು ನೀವು ಕೇಳಿರುತ್ತೀರಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಸಾವಿರಗಟ್ಟಲೆ ಇಳಿಯುವ ಕೆರೆ ಅದು. ಹರವು ಸುಮಾರು 54 ಹೆಕ್ಟೇರ್ ಅಷ್ಟೇ. 2024ರಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ, ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಕ್ಯಾಮೆರಾ ಇರುವವರೆಲ್ಲ ಅಲ್ಲಿಗೇ ಹೋಗುತ್ತಾರೆ. ನಮ್ಮ ಹುಡುಗನ ಕೆರೆ ಅಲ್ಲಿಂದ ಕೆಲವೇ ಮೈಲು ದೂರದ್ದು, ಊರ ದನ ನೀರು ಕುಡಿಯುವ ಸಣ್ಣ ಕೆರೆ. ಒಡ್ಡಿನ ಮೇಲೆ ಬಳ್ಳಾರಿ ಜಾಲಿ, ಕೆಳಗೆ ಕಡಲೆ ಹೊಲ. ಅವನ ಹತ್ತಿರ ಇರುವುದು ಫೋನು ಮಾತ್ರ.

ಮೊದಲನೆಯ ಫೋಟೋ ಸಂಜೆ ಐದೂವರೆಯದು. ಕೆಸರಿನ ಮೇಲೆ ಕಂದು ಬಣ್ಣದ ಹಕ್ಕಿಯೊಂದು ನಮಗೆ ಬೆನ್ನು ಮಾಡಿ ನಿಂತಿದೆ. ಕೊಕ್ಕು ಕಾಣುವುದಿಲ್ಲ. ಕಾಲು ಮಾತ್ರ ಕಿತ್ತಳೆಗೆಂಪಾಗಿ ಹೊಳೆಯುತ್ತಿದೆ. ಎರಡನೆಯದು ಮರುದಿನ ನಡುಮಧ್ಯಾಹ್ನ ತೆಗೆದದ್ದು. ಬಿಸಿಲಿಗೆ ನೀರ ಮೇಲಿನ ಗಾಳಿ ನಡುಗಿ, ಇಡೀ ಚಿತ್ರ ಕುದಿಯುವ ಎಣ್ಣೆಯ ಆಚೆಗಿದ್ದಂತೆ ಅಲುಗಿದೆ. ಅದರಲ್ಲಿ ಮೆಟ್ಟುಗಾಲು ಹಕ್ಕಿಯೊಂದು ಇದೆ. ಕಪ್ಪು ರೆಕ್ಕೆ, ಬಿಳಿ ಮೈ, ಕೋಲಿನಂಥ ಗುಲಾಬಿ ಕಾಲಿನ ಆ ಹಕ್ಕಿಯ ಗುರುತು ಎಂಥ ಮಸುಕಿನಲ್ಲೂ ತಪ್ಪುವುದಿಲ್ಲ. ಅದರ ಪಕ್ಕದಲ್ಲಿ ನಿನ್ನೆಯದನ್ನೇ ಹೋಲುವ ಹಕ್ಕಿ, ಆದರೆ ಅದಕ್ಕಿಂತ ಸಣ್ಣದು, ಕಾಲು ಹಸಿರು ಮಿಶ್ರಿತ ಹಳದಿ. ಮೂರನೆಯ ಫೋಟೋದಲ್ಲಿ ದೊಡ್ಡದು ಸಣ್ಣದು ಎರಡೂ ಹಾರಿಬಿಟ್ಟಿವೆ. ಎರಡು ಕಂದು ಗೀಟು, ಅವುಗಳ ಹಿಂಬದಿಯಲ್ಲಿ ಒಂದಿಷ್ಟು ಬಿಳಿ. ಅಷ್ಟೇ.

ಜೊತೆಗೆ ಅವನ ಸಂದೇಶ: “ಅಕ್ಕೋರ, ಇವು ಎರಡು ಜಾತಿ ಅದಾವ್ರಿ. ದೊಡ್ಡದಕ್ಕ ಫೋನ್‌ನ್ಯಾಗ ರೆಡ್‌ಶ್ಯಾಂಕ್ ಅಂತ ಬಂತ್ರಿ, ಸಣ್ಣದಕ್ಕ ವುಡ್ ಸ್ಯಾಂಡ್‌ಪೈಪರ್ ಅಂತ್ರಿ. ಖರೆ ಅದ ಏನ್ರಿ?”

ಕೆರೆಯಂಚಿನ ಕೆಸರಿನಲ್ಲಿ ಓಡಾಡುವ ಈ ಹಕ್ಕಿಗಳನ್ನು ನಮ್ಮ ಪಕ್ಷಿ ಪುಸ್ತಕಗಳು ಬಹುಮಟ್ಟಿಗೆ ಗೊರವ ಎಂಬ ಹೆಸರಿನಡಿ ಸೇರಿಸುತ್ತವೆ. ತೇಜಸ್ವಿಯವರ ‘ಹಕ್ಕಿ ಪುಕ್ಕ’ವನ್ನು ಚೀಲದಲ್ಲಿಟ್ಟುಕೊಂಡು ಕೆರೆ ಸುತ್ತಿದವರಿಗೆ ಗೊತ್ತು, ಪುಸ್ತಕದಲ್ಲಿ ಅತಿ ಹೆಚ್ಚು ಬೆರಳಚ್ಚು ಬೀಳುವುದು ಗೊರವಗಳ ಪುಟದ ಮೇಲೆ. ಮಿಂಚುಳ್ಳಿಯನ್ನೋ ರಾಜಹಂಸವನ್ನೋ ಒಮ್ಮೆ ನೋಡಿದರೆ ಆಯಿತು. ಗೊರವಗಳು ಹಾಗಲ್ಲ. ಕೆಸರಿನಲ್ಲಿ ಬದುಕುವುದಕ್ಕೆ ಅವು ಕೆಸರಿನ ಬಣ್ಣವನ್ನೇ ಹೊದ್ದಿವೆ. ಅದೂ ನಮ್ಮಲ್ಲಿಗೆ ಬರುವುದು ಮದುವೆಯ ಉಡುಗೆ ಕಳಚಿ, ಕಂದು ಬೂದು ಉಟ್ಟು. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಒಂದು ಹುಬ್ಬಿನಲ್ಲಿ, ಬೆನ್ನಿನ ಚುಕ್ಕೆಯಲ್ಲಿ, ಕೊಕ್ಕಿನ ಒಂದು ಸೆಂಟಿಮೀಟರಿನಲ್ಲಿ ಇರುತ್ತದೆ.

ಕಾಲು ಕೆಂಪು ಕಂಡಕೂಡಲೇ ನನಗೂ ರೆಡ್‌ಶ್ಯಾಂಕ್ ಎಂದೇ ಅನಿಸಿತು. ಕೆಂಪುಗಾಲು ಎಂಬುದೇ ಆ ಹೆಸರಿನ ಅರ್ಥ. ಆದರೆ ಮಸುಕು ಫೋಟೋದಲ್ಲಿ ಮೊದಲು ಸುಳ್ಳು ಹೇಳುವುದೇ ಬಣ್ಣ. ಸಂಜೆಯ ಬಿಸಿಲು ಹಳದಿಯನ್ನು ಕಿತ್ತಳೆ ಮಾಡುತ್ತದೆ, ಕಿತ್ತಳೆಯನ್ನು ಕೆಂಪು ಮಾಡುತ್ತದೆ. ಕಾಲಿಗೆ ಮೆತ್ತಿದ ಕೆಸರು ಒಣಗಿದರೆ ಎಲ್ಲ ಕಾಲೂ ಬೂದಿಯೇ. ಮೇಲಾಗಿ ಈಗಿನ ಫೋನುಗಳು ಕಂಡದ್ದನ್ನು ಕಂಡಂತೆ ಬಿಡುವುದಿಲ್ಲ, ಅಂಚು ತೀಡಿ ಬಣ್ಣ ಏರಿಸುತ್ತವೆ. ಬೆರಳಿನಿಂದ ಹಿಗ್ಗಿಸಿ ತೆಗೆದರಂತೂ ಹಕ್ಕಿ ಚೌಕಚೌಕ ಚುಕ್ಕೆಗಳ ರಾಶಿಯಾಗಿ ಉಳಿಯುತ್ತದೆ. ಆ ಚುಕ್ಕೆಗಳ ನಡುವಿನ ತೆರಪನ್ನು ನಮ್ಮ ಆಸೆ ತುಂಬುತ್ತದೆ.

ಬಣ್ಣದ ನಂತರ ಕೈಕೊಡುವುದು ಅಳತೆ. ದುರ್ಬೀನಿನಲ್ಲಾಗಲಿ ದೂರದ ಲೆನ್ಸಿನಲ್ಲಾಗಲಿ ಹಿಂದೆ ಮುಂದೆ ನಿಂತ ಎರಡು ಹಕ್ಕಿಗಳ ನಡುವಿನ ಅಂತರ ಕುಗ್ಗಿಹೋಗುತ್ತದೆ. ಎರಡೂ ಒಂದೇ ಸಾಲಿನಲ್ಲಿವೆ ಎಂದು ನಾವು ನಂಬುತ್ತೇವೆ. ಹಾಗೆ ನಂಬಿದ ಕಣ್ಣಿಗೆ ಹಿಂದಿನದು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅನುಭವಿಗಳೂ ಇದರಲ್ಲಿ ಮುಗ್ಗರಿಸಿದ್ದಾರೆ. ಆದ್ದರಿಂದ ಪಕ್ಕದಲ್ಲಿ ಮೆಟ್ಟುಗಾಲು ಹಕ್ಕಿ ಇದೆ ಎಂದ ಮಾತ್ರಕ್ಕೆ ಅಳತೆಪಟ್ಟಿ ಸಿಕ್ಕಿತು ಎಂದು ಹಿಗ್ಗುವಂತಿಲ್ಲ. ಎರಡರ ಕಾಲೂ ಒಂದೇ ನೀರಂಚಿನಲ್ಲಿ ಊರಿವೆಯೇ ಎಂದು ಮೊದಲು ನೋಡಬೇಕು. ಈ ಫೋಟೋದಲ್ಲಿ ಊರಿದ್ದವು. ಅಷ್ಟರ ಮಟ್ಟಿಗೆ ಅದು ನಂಬುವ ಸಾಕ್ಷಿ.

ಹಾಗಾದರೆ ಮಸುಕಿನಲ್ಲೂ ಉಳಿಯುವುದು ಯಾವುದು? ಆಕಾರ ಮತ್ತು ನಿಲುವು. ನಮ್ಮ ಹಳ್ಳಿಗಳಲ್ಲಿ ಹೊತ್ತು ಮುಳುಗುವಾಗ ಒಡ್ಡಿನ ಮೇಲೆ ಯಾರೋ ಬರುತ್ತಿದ್ದರೆ ಮುಖ ಕಾಣುವುದಿಲ್ಲ. ಆದರೂ ಕಟ್ಟೆಯ ಮೇಲೆ ಕೂತ ಅಜ್ಜ, ಇಂಥವರ ಮನೆಯ ನಡುವಿನ ಮಗ ಬಂದ ಎನ್ನುತ್ತಾನೆ. ಭುಜ ಇಳಿಬಿಟ್ಟ ಬಗೆ, ಹೆಜ್ಜೆ ಎತ್ತಿಡುವ ಬಗೆ ಅವನಿಗೆ ಸಾಕು. ಹಕ್ಕಿಯೂ ಹಾಗೆಯೇ. ತಲೆಗೂ ಮೈಗೂ ಇರುವ ತೂಗು, ಕತ್ತಿನ ಉದ್ದ, ಹೊಟ್ಟೆಯ ಬಾಗು, ಕೊಕ್ಕು ತಲೆಗಿಂತ ಉದ್ದವೋ ಗಿಡ್ಡವೋ, ಇವು ಬೆಳಕು ಕೆಟ್ಟರೂ ಕೆಡುವುದಿಲ್ಲ.

ಎರಡನೆಯ ಫೋಟೋವನ್ನು ನಾನು ಹಿಗ್ಗಿಸಲಿಲ್ಲ, ಕಿರಿದು ಮಾಡಿದೆ. ಹೆಬ್ಬೆರಳಿನ ಉಗುರಿನಷ್ಟು ಮಾಡಿ ಕೈ ಚಾಚಿ ದೂರ ಹಿಡಿದೆ. ಮಸುಕು ಚಿತ್ರವನ್ನು ನೋಡುವ ಬಗೆ ಇದು. ಚುಕ್ಕೆಗಳು ಮರೆಯಾಗಿ ಆಕಾರ ಕೂಡಿಕೊಳ್ಳುತ್ತದೆ. ಆಗ ಕಂಡದ್ದು ಹೀಗೆ. ಮೈಗೆ ಹೋಲಿಸಿದರೆ ತೀರ ಸಣ್ಣ ತಲೆ. ಮೇಲೆತ್ತಿದ ಉದ್ದನೆಯ ಕತ್ತು. ಮುಂದಕ್ಕೆ ಜೋತ ಹೊಟ್ಟೆ. ತಲೆಯಷ್ಟೇ ಉದ್ದದ ಕೊಕ್ಕು, ತುದಿಯಲ್ಲಿ ತುಸು ಕೆಳಗೆ ಬಾಗಿದ್ದು. ಬೆನ್ನ ಮೇಲೆ ಚುಕ್ಕೆಯ ಬದಲು ಮೀನಿನ ಹುರುಪೆಯಂಥ ಸಾಲು. ಹುಡುಗನ ಫೋನು ಹೇಳಿದ ವುಡ್ ಸ್ಯಾಂಡ್‌ಪೈಪರಿನ ಬೆನ್ನಿಗೆ ಉಪ್ಪು ಚೆಲ್ಲಿದಂಥ ಬಿಳಿ ಚುಕ್ಕೆಗಳಿರುತ್ತವೆ, ಕಣ್ಣಿನ ಮೇಲೆ ಎದ್ದು ಕಾಣುವ ಬಿಳಿ ಹುಬ್ಬಿರುತ್ತದೆ. ಇಲ್ಲಿ ಎರಡೂ ಇರಲಿಲ್ಲ.

ನಾನು ಫೋನು ಮಾಡಿದೆ. ಫೋಟೋದಲ್ಲಿ ಇಲ್ಲದ್ದು ತೆಗೆದವನ ಕಣ್ಣಲ್ಲಿ ಇರುತ್ತದೆ.

“ಎಬ್ಬಿಸಿದಾಗ ಕೂಗಿದವೇನಪ್ಪ?”

“ಇಲ್ರಿ ಅಕ್ಕೋರ. ತುಟಿ ಪಿಟಕ್ಕನ್ನಲಿಲ್ಲ.”

“ನಿಂತಾಗ ಬಾಲ ಕುಣಿಸ್ತಿದ್ದವೇನು?”

“ಇಲ್ರಿ. ಸಾವಕಾಶ ನಡಕೋತ, ಕೋಳಿ ಹಂಗ ಆರಿಸ್ಕೊಂಡು ತಿನ್ನಾಕತ್ತಿದ್ವು.”

ಈ ಎರಡು ಉತ್ತರ ಎಷ್ಟು ದೊಡ್ಡವು ನೋಡಿ. ರೆಡ್‌ಶ್ಯಾಂಕ್ ಇದ್ದ ಕೆರೆಯಲ್ಲಿ ಮನುಷ್ಯ ಕಾಲಿಟ್ಟರೆ ಅದು ‘ಟ್ಯೂ-ಹು-ಹು’ ಎಂದು ಕೆರೆಗೆಲ್ಲ ಸಾರುತ್ತದೆ, ಉಳಿದ ಹಕ್ಕಿಗಳಿಗೆ ಅದೇ ಕಾವಲುಗಾರ. ಸುಮ್ಮನೆ ಎದ್ದು ಹೋಗುವ ಜಾಯಮಾನ ಅದರದಲ್ಲ. ವುಡ್ ಸ್ಯಾಂಡ್‌ಪೈಪರ್ ಕೂಡ ‘ಚಿಫ್-ಇಫ್-ಇಫ್’ ಎನ್ನುತ್ತ ಮೇಲೇಳುತ್ತದೆ, ನಿಂತಲ್ಲಿ ಹಿಂಬದಿ ಅಲುಗಿಸುತ್ತಿರುತ್ತದೆ. ಸದ್ದಿಲ್ಲದೆ ಎದ್ದು ಸದ್ದಿಲ್ಲದೆ ಇಳಿಯುವ, ಕೋಳಿಯಂತೆ ಆರಿಸಿ ತಿನ್ನುವ ಹಕ್ಕಿ ಬೇರೆ.

ಕೊನೆಗೆ ದಾರಿ ತೋರಿದ್ದು ಮೂರರಲ್ಲಿ ತೀರ ಕೆಟ್ಟದ್ದೆಂದು ಅವನು ಅಳಿಸಲು ಹೊರಟಿದ್ದ ಆ ಮೂರನೆಯ ಫೋಟೋ. ಕಂದು ಗೀಟುಗಳ ಹಿಂಬದಿಯ ಬಿಳಿಯನ್ನು ಗಮನವಿಟ್ಟು ನೋಡಿದೆ. ರೆಡ್‌ಶ್ಯಾಂಕ್ ಆಗಿದ್ದರೆ ರೆಕ್ಕೆಯ ಹಿಂದಿನ ಅಂಚಿಗೆ ಅಗಲವಾದ ಬಿಳಿ ಪಟ್ಟಿ ಇರಬೇಕಿತ್ತು. ಎಷ್ಟೇ ಮಸುಕಾದರೂ ಅದು ಮಿಂಚುತ್ತದೆ. ಇಲ್ಲಿ ರೆಕ್ಕೆಯ ಅಂಚು ಕಪ್ಪೇ ಇತ್ತು. ಬಿಳಿ ಇದ್ದದ್ದು ಬಾಲದ ಬುಡದಲ್ಲಿ, ಎಡಕ್ಕೊಂದು ಬಲಕ್ಕೊಂದು ಮೊಟ್ಟೆಯಾಕಾರದ ಮಚ್ಚೆ, ನಡುವೆ ಕಪ್ಪು ಗೆರೆ. ದೊಡ್ಡ ಹಕ್ಕಿಯಲ್ಲೂ ಅದೇ, ಸಣ್ಣದರಲ್ಲೂ ಅದೇ.

ಎರಡೂ ಒಂದೇ ಜಾತಿ. ಹಕ್ಕಿಯ ಹೆಸರು ರಫ್.

ಈ ರಫ್ ಎಂಬುದು ಗೊರವಗಳಲ್ಲೆಲ್ಲ ಹೆಚ್ಚು ದಾರಿ ತಪ್ಪಿಸುವ ಹಕ್ಕಿ ಎಂದು ನನ್ನ ಅಭಿಪ್ರಾಯ, ಯಾಕೆಂದರೆ ಅದರಲ್ಲಿ ಒಂದು ಇನ್ನೊಂದರಂತಿರುವುದಿಲ್ಲ. ಗಂಡು ಸುಮಾರು 180 ಗ್ರಾಂ ತೂಗಿದರೆ ಹೆಣ್ಣು 110ರ ಆಸುಪಾಸು. ಕಾಲಿನ ಬಣ್ಣ ಮರಿಯಲ್ಲಿ ಹಸಿರು ಹಳದಿ, ಬೆಳೆದಂತೆ ಕಿತ್ತಳೆ, ಕೆಲವಕ್ಕೆ ಕೆಂಪಿಗೆ ಹತ್ತಿರ. ಚಳಿಗಾಲದಲ್ಲಿ ಕೆಲವು ಗಂಡುಗಳ ತಲೆ ಕತ್ತು ಬೆಳ್ಳಗಾಗಿ ಬೇರೆಯೇ ಹಕ್ಕಿಯಂತೆ ಕಾಣುತ್ತವೆ. ಒಂದೇ ಗುಂಪನ್ನು ನೋಡಿ ಮೂರು ಜಾತಿಯ ಹೆಸರು ಬರೆದವರನ್ನು ನಾನು ಬಲ್ಲೆ. ಅವರ ತಪ್ಪೂ ಅಲ್ಲ.

ಉತ್ತರದ ಯುರೋಪು ಮತ್ತು ಸೈಬೀರಿಯಾದ ಜೌಗುಗಳಲ್ಲಿ ಇವು ಮರಿ ಮಾಡುತ್ತವೆ. 1960ರ ದಶಕದಲ್ಲಿ ಸಲೀಂ ಅಲಿಯವರ ನೇತೃತ್ವದಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ ಭರತಪುರದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಬಿಡುತ್ತಿತ್ತು. ಹಾಗೆ ಬಿಟ್ಟ ರಫ್‌ಗಳು ಸೈಬೀರಿಯಾದಲ್ಲಿ ಸಿಕ್ಕಿವೆ. ಶಿರಹಟ್ಟಿಯ ದನದ ಕೆರೆಯಲ್ಲಿ ಕೋಳಿಯಂತೆ ಹುಳು ಆರಿಸುತ್ತಿದ್ದ ಹಕ್ಕಿ ಆ ದಾರಿಯದು. ಬೇಸಿಗೆ ಬಂದು ಅಲ್ಲಿಗೆ ಮರಳುವಾಗ ಗಂಡಿನ ಕತ್ತಿನ ಸುತ್ತ ಕೊರಳಪಟ್ಟಿಯಂಥ ಗರಿಗಳ ಗುಚ್ಛ ಮೂಡುತ್ತದೆ. ಕಪ್ಪು, ಕೆಂಗಂದು, ಬಿಳಿ, ಪಟ್ಟೆ ಹೀಗೆ ಒಂದೊಂದರದು ಒಂದೊಂದು ಬಣ್ಣ. ಹುಲ್ಲಿನ ಬಯಲಲ್ಲಿ ಗಂಡುಗಳೆಲ್ಲ ಸೇರಿ ಅಂಗೈಯಗಲದ ಜಾಗಕ್ಕಾಗಿ ಸೆಣಸುತ್ತವೆ, ಹೆಣ್ಣುಗಳು ಬಂದು ನೋಡಿ ಆಯುತ್ತವೆ. ಗಾಢ ಬಣ್ಣದ ಗಂಡುಗಳು ಜಾಗ ಹಿಡಿಯುತ್ತವೆ. ಬಿಳಿ ಕೊರಳಿನವು ಜಾಗ ಹಿಡಿಯುವುದಿಲ್ಲ, ಹಿಡಿದವರ ಪಕ್ಕದಲ್ಲೇ ಓಡಾಡಿಕೊಂಡು ಅವಕಾಶ ಕಾಯುತ್ತವೆ.

2006ರಲ್ಲಿ ನೆದರ್‌ಲ್ಯಾಂಡ್ಸ್‌ನ ಯೋಪ್ ಯೂಕೆಮಾ ಮತ್ತು ಥ್ಯೂನಿಸ್ ಪೀರ್ಸ್ಮಾ ಮೂರನೆಯ ಬಗೆಯ ಗಂಡೊಂದನ್ನು ಲೋಕಕ್ಕೆ ತಿಳಿಸಿದರು. ಅದಕ್ಕೆ ಕೊರಳ ಗರಿಯೇ ಮೂಡುವುದಿಲ್ಲ. ನೋಡಲು ಹೆಣ್ಣಿನಂತೆ, ಗಾತ್ರದಲ್ಲಿ ಗಂಡು ಹೆಣ್ಣಿನ ನಡುವೆ. ಹಿಡಿದು ರೆಕ್ಕೆ ಅಳೆದಾಗ ಮಾತ್ರ ಗುಟ್ಟು ಬಯಲಾಗುತ್ತದೆ. ಅದಕ್ಕೆ ಅವರು ಇಟ್ಟ ಹೆಸರು ಫೇಡರ್. ನೂರರಲ್ಲಿ ಒಂದು ಸಿಕ್ಕರೆ ಹೆಚ್ಚು. ಈ ಮೂರು ಬಗೆಗೂ ಕಾರಣ ಒಂದು ವರ್ಣತಂತುವಿನ ತುಣುಕು ಸುಮಾರು 38 ಲಕ್ಷ ವರ್ಷಗಳ ಹಿಂದೆ ತಿರುವು ಮುರುವಾದದ್ದು ಎಂದು 2016ರಲ್ಲಿ ತಳಿವಿಜ್ಞಾನಿಗಳು ಕಂಡುಕೊಂಡರು. ಶತಮಾನಗಳಿಂದ ಯುರೋಪಿನವರು ಕಣ್ಣೆದುರಿಗೇ ನೋಡುತ್ತಿದ್ದ ಹಕ್ಕಿ ಇದು, ಹಿಡಿದು ತಿನ್ನುತ್ತಿದ್ದ ಹಕ್ಕಿ. ಆದರೂ ಅದರ ಒಂದು ಬಗೆಯ ಗಂಡು ಮೊನ್ನೆ ಮೊನ್ನೆಯವರೆಗೆ ಹೆಣ್ಣುಗಳ ನಡುವೆ ಅಡಗಿಕೊಂಡೇ ಇತ್ತು.

ಇದನ್ನು ಹುಡುಗನಿಗೆ ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: “ಹಂಗಾರ ಸಣ್ಣದನ್ನ ಹೆಣ್ಣು ಅಂತ ಬರೀಲೋ ಬ್ಯಾಡೋ?” ಎಷ್ಟು ಒಳ್ಳೆಯ ಪ್ರಶ್ನೆ! ಸಂಭವ ನೋಡಿದರೆ ಹೆಣ್ಣೇ. ಆದರೆ ಫೋಟೋ ಹೇಳಿದ್ದು ಅಷ್ಟಲ್ಲ. ರಫ್, ಸಣ್ಣದು, ಕಾಲು ಹಸಿರು ಹಳದಿ ಎಂದು ಬರಿ ಎಂದೆ. ಹೆಣ್ಣು ಎಂದು ಬರೆದರೆ ಅದು ನಮ್ಮ ಊಹೆ. ಸಣ್ಣದು ಎಂದರೆ ನೀನು ಕಂಡದ್ದು.

ಇಷ್ಟು ಬಿಗಿ ಯಾಕೆ ಎಂದು ನಿಮಗೆ ಅನಿಸಬಹುದು. ಇನ್ನೊಂದು ಹಕ್ಕಿಯ ಕಥೆ ಹೇಳುತ್ತೇನೆ. ತೆಳುಕೊಕ್ಕಿನ ಕರ್ಲ್ಯೂ ಅದರ ಹೆಸರು. ಕುಡುಗೋಲಿನಂತೆ ಬಾಗಿದ ಕೊಕ್ಕಿನ, ಕೋಳಿ ಗಾತ್ರಕ್ಕಿಂತ ಕಡಿಮೆಯ ಹಕ್ಕಿ. ಅದರ ಗೂಡುಗಳನ್ನು ಮನುಷ್ಯ ಖಚಿತವಾಗಿ ನೋಡಿದ್ದು ಸೈಬೀರಿಯಾದ ತಾರಾ ಎಂಬ ಪಟ್ಟಣದ ಸುತ್ತಮುತ್ತ, 1909ರಿಂದ 1925ರ ನಡುವೆ. ಚಳಿಗಾಲ ಕಳೆಯುತ್ತಿದ್ದದ್ದು ಮೆಡಿಟರೇನಿಯನ್ ಸಮುದ್ರದ ಸುತ್ತ. ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದು, ಯಾರೂ ತಕರಾರು ಎತ್ತದ ಕೊನೆಯ ಫೋಟೋ ಸಿಕ್ಕಿದ್ದು 1995ರ ಫೆಬ್ರವರಿಯಲ್ಲಿ, ಮೊರಾಕ್ಕೊದ ಮೆರ್ಜಾ ಜೆರ್ಗಾ ಎಂಬ ಹಿನ್ನೀರಿನಲ್ಲಿ.

ಆ ಮೇಲೆ 1998ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಡ್ರೂರಿಜ್ ಬೇ ಎಂಬ ಕಡಲತೀರದಲ್ಲಿ ಒಂದು ಕರ್ಲ್ಯೂ ಕಾಣಿಸಿತು. ನಾಲ್ಕು ದಿನ ಇತ್ತು. ದೂರದಿಂದ ತೆಗೆದ ಫೋಟೋ ಇದ್ದವು, ವಿಡಿಯೋ ಇತ್ತು, ಯಾವುದೂ ಸ್ಪಷ್ಟವಿರಲಿಲ್ಲ. ಬಲ್ಲವರು ಕೂತು ನೋಡಿ, ಇದು ಅದೇ ಎಂದು ಒಪ್ಪಿದರು. ಬ್ರಿಟನ್ನಿನ ಪಟ್ಟಿಗೆ ಹೊಸ ಹಕ್ಕಿ ಸೇರಿತು. ಸುಮಾರು ಹದಿನೈದು ವರ್ಷಗಳ ನಂತರ ಅದೇ ಫೋಟೋಗಳನ್ನು ಮತ್ತೆ ಪರೀಕ್ಷಿಸಿದಾಗ, ಸಾಮಾನ್ಯ ಕರ್ಲ್ಯೂಗಳಲ್ಲೇ ಎಷ್ಟು ಬಗೆ ಇರಬಲ್ಲವು ಎಂಬುದು ಅಷ್ಟರಲ್ಲಿ ಹೆಚ್ಚು ತಿಳಿದಿದ್ದರಿಂದ, ಆ ಗುರುತು ನಿಲ್ಲುವುದಿಲ್ಲ ಎಂದು ಪಟ್ಟಿಯಿಂದ ತೆಗೆದರು. 2004ರಲ್ಲಿ ಇಂಗ್ಲೆಂಡಿನದೇ ಮಿನ್ಸ್‌ಮಿಯರ್‌ನಲ್ಲಿ ಇಂಥದೇ ಇನ್ನೊಂದು ಹಕ್ಕಿ ಬಂದಾಗ ಅದರ ಹಿಕ್ಕೆಯನ್ನು ಆರಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿದರು. ಅದು ಸಾಮಾನ್ಯ ಕರ್ಲ್ಯೂ ಆಗಿತ್ತು.

2025ರ ಅಕ್ಟೋಬರಿನಲ್ಲಿ ತೆಳುಕೊಕ್ಕಿನ ಕರ್ಲ್ಯೂ ಅಳಿದುಹೋಯಿತು ಎಂದು, ಜೀವಜಾತಿಗಳ ಅಳಿವು ಉಳಿವಿನ ಲೆಕ್ಕ ಇಡುವ ಐಯುಸಿಎನ್ ಸಂಸ್ಥೆ ಘೋಷಿಸಿತು.

ಇದನ್ನು ನೆನೆದರೆ ನನಗೆ ಹೊಟ್ಟೆ ಕಿವುಚುತ್ತದೆ. ಡ್ರೂರಿಜ್ ಬೇಯಲ್ಲಿ ನಿಂತು ನೋಡಿದವರು ಸುಳ್ಳು ಹೇಳಿದವರಲ್ಲ. ಆ ಹಕ್ಕಿ ಇನ್ನೂ ಇರಲಿ ಎಂದು ಅವರ ಮನಸ್ಸು ಬಯಸಿತ್ತು, ಮಸುಕು ಚಿತ್ರದ ತೆರಪಿನಲ್ಲಿ ಆ ಬಯಕೆಗೆ ಜಾಗ ಸಿಕ್ಕಿತು. ಒಂದು ಜಾತಿ ಇದೆ ಎಂದು ತಪ್ಪಾಗಿ ನಂಬಿ ಕೂತರೆ ಅದನ್ನು ಹುಡುಕಬೇಕಾದ ಹೊತ್ತು ಕಳೆದುಹೋಗುತ್ತದೆ. ಇಲ್ಲ ಎಂದು ತಪ್ಪಾಗಿ ನಂಬಿದರೆ ಉಳಿಸುವ ಪ್ರಯತ್ನವನ್ನೇ ಕೈಬಿಡುತ್ತೇವೆ. ಕೆಸರಿನಲ್ಲಿ ನಿಂತ ಒಂದು ಕಂದು ಹಕ್ಕಿಯ ಹೆಸರಿನ ಮೇಲೆ ಇಷ್ಟೆಲ್ಲ ನಿಂತಿದೆ.

ನಮ್ಮಲ್ಲೂ 1987ರಿಂದ ಪ್ರತಿ ಜನವರಿಯಲ್ಲಿ ನೀರುಹಕ್ಕಿಗಳ ಎಣಿಕೆ ನಡೆಯುತ್ತದೆ, ಏಷ್ಯಾದ ಎಷ್ಟೋ ದೇಶಗಳಲ್ಲಿ ಏಕಕಾಲಕ್ಕೆ. ಊರೂರ ಕೆರೆಗೆ ಹೋಗಿ ಎಣಿಸುವವರು ಹೆಚ್ಚಿನಂಶ ನಿಮ್ಮಂಥವರು, ನನ್ನಂಥವರು. ಹಿಂದೊಮ್ಮೆ ಅಂಥ ಎಣಿಕೆಯಲ್ಲಿ ದೂರದ ಒಂದು ಗುಂಪನ್ನು ನಾನು ರೆಡ್‌ಶ್ಯಾಂಕ್ ಎಂದು ಬರೆದುಕೊಟ್ಟೆ. ಅವು ರೆಡ್‌ಶ್ಯಾಂಕ್ ಆಗಿರಲಿಲ್ಲ ಎಂದು ಈಗ ನನಗೆ ಬಲವಾಗಿ ಅನಿಸುತ್ತದೆ. ಅವೂ ಕೂಗದೆ ಎದ್ದು ಹೋಗಿದ್ದವು. ಆ ಹಾಳೆ ಈಗ ನನ್ನ ಕೈಯಲ್ಲಿಲ್ಲ. ತಿದ್ದಲು ಫೋಟೋ ಇಲ್ಲ, ಟಿಪ್ಪಣಿ ಇಲ್ಲ. ಮಸುಕಾದದ್ದೇ ಆಗಲಿ, ಅಂದು ಒಂದು ಚಿತ್ರವಿದ್ದಿದ್ದರೆ ಇವತ್ತು ಮತ್ತೆ ತೆರೆದು ನೋಡಬಹುದಿತ್ತು. ಡ್ರೂರಿಜ್ ಬೇಯವರಿಗೆ ಆ ಅವಕಾಶವಾದರೂ ಇತ್ತು. ಅದಕ್ಕೇ ನಾನು ಹುಡುಗನಿಗೆ ಮತ್ತೆ ಮತ್ತೆ ಹೇಳುವುದು, ಕೆಟ್ಟ ಫೋಟೋ ಎಂದು ಅಳಿಸಬೇಡ. ಹೊತ್ತು ಬರೆ, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು ಬರೆ, ಕೂಗಿತೋ ಇಲ್ಲವೋ ಬರೆ. ಹಾರುವಾಗಲೂ ಒಂದು ತೆಗೆ. ಹೆಸರು ಆಮೇಲೆ.

ಫೆಬ್ರವರಿಯಲ್ಲಿ ನಾನೇ ಆ ಕೆರೆಗೆ ಹೋಗಿ ಬಂದೆ. ಬೆಳಗಿನ ಆರೂವರೆ, ಒಡ್ಡಿನ ಜಾಲಿಯ ಮರೆಯಲ್ಲಿ ಇಬ್ಬರೂ ಕೂತೆವು. ನೀರು ಇಳಿದು ದನದ ಗೊರಸಿನ ಗುಳಿಗಳಲ್ಲಿ ಮಾತ್ರ ಹೊಳೆಯುತ್ತಿತ್ತು. ಆ ಗುಳಿಗಳ ನಡುವೆ ಏಳು ರಫ್‌ಗಳು. ಒಂದೊಂದು ಗುಳಿಗೂ ಬಂದು, ಕತ್ತು ಬಾಗಿಸಿ, ಹೆಕ್ಕಿ, ಮುಂದಿನ ಗುಳಿಗೆ ಹೋಗುತ್ತಿದ್ದವು. ದೊಡ್ಡದೊಂದು ಒಮ್ಮೆ ನಿಂತು ಮೈ ಕೊಡವಿದಾಗ ಬೆನ್ನಿನ ಉದ್ದ ಗರಿಗಳು ಗಾಳಿಗೆ ಎದ್ದು ಬಿದ್ದವು. ಅದರ ಕಾಲು, ಬೆಳಗಿನ ಬಿಳಿ ಬೆಳಕಿನಲ್ಲಿ, ಒಣ ಅರಿಸಿನದ ಕೊಂಬಿನ ಬಣ್ಣದ್ದು. ಕೆಂಪಿನ ಸುಳಿವೇ ಇರಲಿಲ್ಲ. ಹುಡುಗ ಫೋನು ಎತ್ತಲಿಲ್ಲ, ನೋಡುತ್ತಲೇ ಇದ್ದ.

ಮಾರ್ಚಿನಲ್ಲಿ ಅವನಿಂದ ಇನ್ನೊಂದು ಫೋಟೋ ಬಂತು. ಅದೂ ಮಸುಕು. ದೊಡ್ಡ ಹಕ್ಕಿಯೊಂದರ ಎದೆಯ ಮೇಲೆ ಕಪ್ಪು ಮಚ್ಚೆಗಳು ಒಡೆಯತೊಡಗಿವೆ. ಹೊರಡುವ ಹೊತ್ತು ಹತ್ತಿರವಾಗಿದೆ. ಈ ಸಲ ಅವನು ಯಾವ ಹಕ್ಕಿ ಎಂದು ಕೇಳಿರಲಿಲ್ಲ. ಫೋಟೋದ ಕೆಳಗೆ ಬರೆದದ್ದು ಇಷ್ಟು: ಮಾರ್ಚಿ 19. ಬೆಳಿಗ್ಗೆ 6.40. ಬೆಳಕು ಎಡಗಡೆಯಿಂದ. ರಫ್ ದೊಡ್ಡವು 2, ಸಣ್ಣವು 4. ಕೂಗಲಿಲ್ಲ. ಅವುಗಳ ಜೊತೆ ಇನ್ನೊಂದು ಇತ್ತು, ಗಿಡ್ಡ ಕಾಲು, ಬೇಗ ಓಡುತ್ತಿತ್ತು. ಗೊತ್ತಾಗಲಿಲ್ಲ.